ಒಂಬತ್ತರಲ್ಲಿ ಬಿದ್ದದ್ದೋ, ಒಂಬತ್ತು ತುಂಬಿದ್ದೋ: ಸಿಸೇರಿಯನ್ ದಿನ ಗೊತ್ತುಮಾಡುವ ಮುನ್ನ

ನಮ್ಮ ಅಳಿಯ ಸೈನ್ಯದಲ್ಲಿದ್ದಾನೆ. ಅವನ ರಜೆ ಮಾರ್ಚ್ 1ಕ್ಕೆ ಮುಗಿಯುವುದಿತ್ತು. ನನ್ನ ತಂಗಿಯ ಮಗಳಿಗೆ ಚೊಚ್ಚಲು. ಕುಬಸ ಮುಗಿಸಿಕೊಂಡು ತವರಿಗೆ, ಇಂಡಿಗೆ, ಬಂದಿದ್ದಳು. ಕೂಸು ಬುಡ ಕೆಳಗೆ ಮಾಡಿಕೊಂಡು ಕುಳಿತಿದ್ದರಿಂದ ಸಿಸೇರಿಯನ್ ಖಾತ್ರಿಯಾಗಿತ್ತು. ಹೇಗೂ ಕೊಯ್ಯುವುದೇ ಅಂದ ಮೇಲೆ ಅಪ್ಪ ಊರಲ್ಲಿರುವಾಗಲೇ ಆಗಿಹೋಗಲಿ ಎಂದು ಹಿರಿಯರು ಫೆಬ್ರುವರಿ 24 ಗೊತ್ತುಮಾಡಿದರು. "ಆ ಹೊತ್ತಿಗೆ ಒಂಬತ್ತರಲ್ಲಿ ಬಿದ್ದು ಹದಿನೈದು ದಿನ ಆಗಿರುತ್ತದೆ, ಇನ್ನೇನು ಬೇಕು?" ಎಂದಳು ತಂಗಿ. ನವಜಾತ ಶಿಶುಗಳ ವಾರ್ಡಿನಲ್ಲಿ 26 ವರ್ಷ ನರ್ಸಾಗಿ ದುಡಿದ ನಾನು ಅದೇ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಬೀಗರ ಮುಂದೆ ಮಾತು ಬೆಳೆಸುವುದು ಬೇಡವೆಂದು ಸುಮ್ಮನಾದೆ.

ಕೂಸು ಹುಟ್ಟಿದ ಕೂಡಲೇ ಅತ್ತಿತು. ಪೇಡೆ ಹಂಚಿದರು. ಒಂದು ತಾಸು ಕಳೆಯುವುದರೊಳಗೆ ಅದರ ಉಸಿರು ನಿಮಿಷಕ್ಕೆ 80 ದಾಟಿತ್ತು. ಪ್ರತಿ ಉಸಿರು ಬಿಡುವಾಗ ಸಣ್ಣಗೆ ಮುಲುಕುತ್ತಿತ್ತು. ರಾತ್ರಿ ವಿಜಯಪುರಕ್ಕೆ ಒಯ್ದೆವು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ದಾರಿ ತುಂಬ. ಐದು ದಿನ ಮೂಗಿಗೆ ನಳಿಕೆ ಹಾಕಿಕೊಂಡು ಗಾಜಿನ ಪೆಟ್ಟಿಗೆಯ ವಾರ್ಡಿನಲ್ಲಿ ಮಲಗಿ ಕೂಸು ಪಾರಾಯಿತು.

ಆ ಪಡಸಾಲೆಯಲ್ಲಿ ನಾನು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ದಿನ ಆರಿಸುವ ಅವಕಾಶ ನಿಮ್ಮ ಕೈಯಲ್ಲಿದ್ದರೆ ಏನನ್ನು ಏನರ ಜೊತೆ ತೂಗಿ ನೋಡಬೇಕು ಎಂಬುದಷ್ಟೇ ನನ್ನ ವಿಷಯ. ತುರ್ತು ಸಿಸೇರಿಯನ್ ಬೇರೆ ಮಾತು. ಅಲ್ಲಿ ಆರಿಸಲು ಏನೂ ಇರುವುದಿಲ್ಲ.

ಮೊದಲು ಲೆಕ್ಕ ಸರಿಯಾಗಲಿ

ನಮ್ಮ ಹಿರಿಯರು "ಒಂಬತ್ತು ತಿಂಗಳು ಒಂಬತ್ತು ದಿನ" ಎನ್ನುತ್ತಿದ್ದರು. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸುತ್ತಾರೆ. ಅದು 280 ದಿನ, 40 ವಾರ. ಎರಡು ದಿನದ ವ್ಯತ್ಯಾಸ ಬಿಟ್ಟರೆ ಹಿರಿಯರ ಮಾತಿಗೂ ತಾಯಿ ಕಾರ್ಡಿಗೂ ಜಗಳವಿಲ್ಲ. ಜಗಳ ಇರುವುದು ಒಂಬತ್ತರಲ್ಲಿ "ಬಿದ್ದಿದೆ" ಎಂಬುದಕ್ಕೂ ಒಂಬತ್ತು "ತುಂಬಿದೆ" ಎಂಬುದಕ್ಕೂ.

ಮುಟ್ಟು ಜೂನ್ 10ಕ್ಕೆ ಆಗಿತ್ತು ಎಂದುಕೊಳ್ಳಿ. ಒಂಬತ್ತರಲ್ಲಿ ಬೀಳುವುದು ಫೆಬ್ರುವರಿ 10ಕ್ಕೆ. ಆಗ ಆಗಿರುವುದು 35 ವಾರ. ತಿಂಗಳಿಗೆ ನಾಲ್ಕೇ ವಾರ ಎಂದು ಎಣಿಸುವವರಿಗೆ ಫೆಬ್ರುವರಿ 17ಕ್ಕೇ ಒಂಬತ್ತು ಮುಗಿದುಹೋಗುತ್ತದೆ. ಅದು 36 ವಾರ. 37 ವಾರ ಆಗುವುದು ಫೆಬ್ರುವರಿ 24ಕ್ಕೆ. ಕ್ಯಾಲೆಂಡರಿನ ಪ್ರಕಾರ ಒಂಬತ್ತು ತಿಂಗಳು ನಿಜವಾಗಿ ತುಂಬುವುದು ಮಾರ್ಚ್ 10ಕ್ಕೆ, ಅಂದರೆ 273 ದಿನಕ್ಕೆ. ವಾರದ ಲೆಕ್ಕದಲ್ಲಿ ಅದು ಸರಿಯಾಗಿ 39. ಬೇನೆ ಬರದೆ ಸಿಸೇರಿಯನ್ ಮಾಡಲು ಆರೋಗ್ಯವಂತ ತಾಯಿಗೆ ಯಾವ ದಿನ ಒಳ್ಳೆಯದು ಎಂದು ಬ್ರಿಟನ್ನಿನ, ಅಮೆರಿಕದ ಪ್ರಸೂತಿ ತಜ್ಞರ ಮಾರ್ಗಸೂಚಿಗಳನ್ನು ಕೇಳಿದರೆ ಅವು ಹೇಳುವುದೂ ಇದನ್ನೇ: 39 ವಾರ ತುಂಬುವ ಮುಂಚೆ ಬೇಡ. 38 ವಾರ 6 ದಿನವನ್ನು 39 ಎಂದು ಬರೆದುಕೊಳ್ಳಬಾರದು.

ಈ ಲೆಕ್ಕವೆಲ್ಲ ನಿಂತಿರುವುದು ಮುಟ್ಟಿನ ತಾರೀಖು ಸರಿಯಿದ್ದರೆ. ನಮ್ಮ ಹುಡುಗಿ "ಕಾರಹುಣ್ಣಿಮೆಯ ಆಸುಪಾಸು" ಎಂದಿದ್ದಳು. ಅದನ್ನೇ ಜೂನ್ 10 ಎಂದು ಬರೆದುಕೊಂಡರು. ಹತ್ತನೆಯ ವಾರದಲ್ಲಿ ಮಾಡಿಸಿದ ಸ್ಕ್ಯಾನ್ ಚೀಲದ ತಳದಲ್ಲೇ ಇತ್ತು. ಅದರ ಪ್ರಕಾರ ಹೆರಿಗೆಯ ದಿನ ಮಾರ್ಚ್ 17 ಆಗಿರದೆ ಮಾರ್ಚ್ 25 ಆಗಿತ್ತು. ಮೊದಲ ಮೂರು ತಿಂಗಳೊಳಗೆ ಕೂಸಿನ ಉದ್ದ ಅಳೆದು ಹೇಳುವ ದಿನ ಹೆಚ್ಚೆಂದರೆ ಐದರಿಂದ ಏಳು ದಿನ ಆಚೀಚೆ ಆಗುತ್ತದೆ. ಎಂಟನೆಯ ತಿಂಗಳ ಸ್ಕ್ಯಾನ್ ಮೂರು ವಾರದಷ್ಟು ತಪ್ಪಬಹುದು, ಏಕೆಂದರೆ ಆಗ ಅಳೆಯುವುದು ಕೂಸಿನ ಗಾತ್ರವನ್ನು, ವಯಸ್ಸನ್ನಲ್ಲ. ಕೊನೆಯ ಸ್ಕ್ಯಾನಿನಲ್ಲಿ "ಕೂಸು ಮೂರು ಕಿಲೋ ಇದೆ, ದಿನ ತುಂಬಿದೆ" ಎನ್ನುವ ಮಾತನ್ನು ಆದ್ದರಿಂದ ನಂಬಬೇಡಿ. ಸಕ್ಕರೆ ಕಾಯಿಲೆಯ ತಾಯಿಯ ಕೂಸು 36 ವಾರಕ್ಕೇ ಮೂರು ಕಿಲೋ ತೂಗೀತು, ಅದರ ಶ್ವಾಸಕೋಶ ಮಾತ್ರ ಇನ್ನೂ ಎಳೆಯದೇ. ಹಳೆಯ ಸ್ಕ್ಯಾನ್ ಹುಡುಕಿ ತೆಗೆದು ವೈದ್ಯರ ಮೇಜಿನ ಮೇಲಿಡಿ. ನಾವು ಇಟ್ಟಿರಲಿಲ್ಲ. 37 ವಾರವೆಂದು ಹೊರಗೆ ತೆಗೆದ ಕೂಸಿಗೆ ಆ ದಿನ 35 ವಾರ 6 ದಿನವಾಗಿತ್ತು.

ಅತ್ತ ಕೂಸಿಗೂ ಉಬ್ಬಸ ಏಕೆ

ಹೊಟ್ಟೆಯೊಳಗೆ ಕೂಸಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ನೀರು ಇರುತ್ತದೆ. ಆ ನೀರನ್ನು ಶ್ವಾಸಕೋಶವೇ ಸುರಿಸುತ್ತದೆ. ಬೇನೆ ಶುರುವಾದಾಗ ಕೂಸಿನ ಮೈಯಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಉಕ್ಕುತ್ತವೆ. ಆಗ ಶ್ವಾಸಕೋಶದ ಒಳಪದರ ತಿರುಗಿ ಕೆಲಸ ಮಾಡತೊಡಗುತ್ತದೆ. ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ರಕ್ತಕ್ಕೆ ಸೇರುತ್ತದೆ. ಹೆರಿಗೆಯ ದಾರಿಯಲ್ಲಿ ಎದೆ ಹಿಂಡಿ ನೀರು ಹೊರಬೀಳುತ್ತದೆ ಎಂದು ನಾವು ನರ್ಸಿಂಗ್ ಕಲಿಯುವಾಗ ಓದಿದ್ದೆವು. ಅದು ಸುಳ್ಳಲ್ಲ, ಆದರೆ ದೊಡ್ಡ ಪಾಲು ಈ ಒಳಗಿನ ಹೀರುವಿಕೆಯದು. ಬೇನೆಯೇ ಬಾರದೆ ಬೆಳಗಿನ ಒಂಬತ್ತಕ್ಕೆ ಟೇಬಲ್ ಮೇಲೆ ಹುಟ್ಟುವ ಕೂಸಿಗೆ ಈ ಸೂಚನೆ ಮುಟ್ಟಿರುವುದಿಲ್ಲ. ಗಾಢ ನಿದ್ದೆಯಲ್ಲಿದ್ದವನನ್ನು ಎತ್ತಿ ಬಸ್ಸಿನಲ್ಲಿ ಕೂರಿಸಿದಂತೆ. ನೀರು ಉಳಿದ ಶ್ವಾಸಕೋಶದಿಂದ ಕೂಸು ವೇಗವಾಗಿ ಉಸಿರಾಡುತ್ತದೆ. ಹೆಚ್ಚಿನವು ಒಂದರಿಂದ ಮೂರು ದಿನದಲ್ಲಿ ತಾವಾಗಿ ಸುಧಾರಿಸುತ್ತವೆ.

ಎರಡನೆಯ ತೊಂದರೆ ಇದಕ್ಕಿಂತ ಕಠಿಣ. ಶ್ವಾಸಕೋಶದ ಸಣ್ಣ ಗಾಳಿಚೀಲಗಳು ಒದ್ದೆ ಪ್ಲಾಸ್ಟಿಕ್ ಹಾಳೆಯಂತೆ ಒಂದಕ್ಕೊಂದು ಅಂಟಿಕೊಳ್ಳದಿರಲು ಸರ್ಫ್ಯಾಕ್ಟಂಟ್ ಎಂಬ ಜಿಡ್ಡು ಬೇಕು. ಕೊನೆಯ ವಾರಗಳಲ್ಲಿ ಅದು ಸಾಕಷ್ಟು ತಯಾರಾಗುತ್ತದೆ. ಅದು ಕಡಿಮೆ ಬಿದ್ದರೆ ಪ್ರತಿ ಉಸಿರಿಗೂ ಮುಚ್ಚಿದ ಚೀಲವನ್ನು ಹೊಸದಾಗಿ ಊದಬೇಕು; ಮುಲುಕು ಬರುವುದು ಆ ಹೆಣಗಾಟದಲ್ಲಿ. ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಸಿಸೇರಿಯನ್ನಿನಿಂದ ಹುಟ್ಟಿ ಎರಡೇ ದಿನದೊಳಗೆ 1963ರ ಆಗಸ್ಟ್‌ನಲ್ಲಿ ತೀರಿಕೊಂಡದ್ದು ಇದರಿಂದಲೇ. ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಚೀಲಗಳನ್ನು ತೆರೆದಿಡುವ ಸಿ-ಪ್ಯಾಪ್ ಯಂತ್ರವಾಗಲಿ, ಶ್ವಾಸನಾಳಕ್ಕೆ ಹಾಕುವ ಸರ್ಫ್ಯಾಕ್ಟಂಟ್ ಔಷಧವಾಗಲಿ ಆಗ ಇರಲಿಲ್ಲ. ಇಂದು ಅಷ್ಟೇ ದಿನದ ಕೂಸುಗಳು ನಮ್ಮ ವಾರ್ಡುಗಳಿಂದ ನಗುತ್ತ ಮನೆಗೆ ಹೋಗುತ್ತವೆ, ಯಂತ್ರ ಸಮಯಕ್ಕೆ ಸಿಕ್ಕರೆ.

37, 38, 39

ಡೆನ್ಮಾರ್ಕಿನಲ್ಲಿ 34,000 ಹೆರಿಗೆಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಬೇನೆ ಬರುವ ಮುನ್ನ ಗೊತ್ತುಮಾಡಿದ ಸಿಸೇರಿಯನ್ನಿನಲ್ಲಿ 37ನೆಯ ವಾರ ಹುಟ್ಟಿದ 100 ಕೂಸುಗಳಲ್ಲಿ 10ಕ್ಕೆ ಉಸಿರಿನ ತೊಂದರೆ. ಅದೇ ವಾರ ಸಹಜ ಹೆರಿಗೆಗೆಂದು ಹೊರಟವರ ಕೂಸುಗಳಲ್ಲಿ 3ಕ್ಕಿಂತ ಕಡಿಮೆ. ಸಿಸೇರಿಯನ್ ಕೂಸುಗಳ ಆ 10, 38ರಲ್ಲಿ 5ಕ್ಕೆ ಇಳಿಯುತ್ತದೆ. 39ರಲ್ಲಿ 2. ಒಂದೊಂದು ವಾರ ಕಾದಂತೆ ತೊಂದರೆ ಅರ್ಧವಾಗುತ್ತ ಬರುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು. ಅಮೆರಿಕದಲ್ಲಿ ಹಿಂದೊಮ್ಮೆ ಸಿಸೇರಿಯನ್ ಆದ 13,258 ತಾಯಂದಿರನ್ನು ಕುರಿತ 2009ರ ಅಧ್ಯಯನ ಉಸಿರಿನ ಜೊತೆಗೆ ಸೋಂಕು, ರಕ್ತದಲ್ಲಿ ಸಕ್ಕರೆ ಇಳಿಯುವುದು, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ವಾಸ ಎಲ್ಲವನ್ನೂ ಕೂಡಿಸಿ ನೋಡಿತು: 37ರಲ್ಲಿ 100ಕ್ಕೆ 15, 38ರಲ್ಲಿ 11, 39ರಲ್ಲಿ 8.

ಇವು ತಾರೀಖು ಕರಾರುವಾಕ್ಕಾಗಿ ಬರೆದಿಡುವ ದೇಶಗಳ ಅಂಕಿ. ಕಾರಹುಣ್ಣಿಮೆಯ ಆಸುಪಾಸಿನ ಲೆಕ್ಕದಲ್ಲಿ 38 ಎಂದದ್ದು 37 ಆಗಿರುವುದು ಸುಲಭ. ಆದ್ದರಿಂದ "38 ಆದರೂ ನಡೆಯುತ್ತದೆ" ಎನ್ನುವ ಮಧ್ಯದ ದಾರಿ, ಮೊದಲ ಮೂರು ತಿಂಗಳ ಸ್ಕ್ಯಾನ್ ಇಲ್ಲದವರಿಗೆ ಮಧ್ಯದ ದಾರಿಯೇ ಅಲ್ಲ.

ಹಾಗಾದರೆ ಕಾಯುವುದರಲ್ಲಿ ನಷ್ಟವಿಲ್ಲವೇ? ಇದೆ. ಗೊತ್ತುಮಾಡಿದ ದಿನಕ್ಕೆ ಮುಂಚೆಯೇ ಬೇನೆ ಬರಬಹುದು. 39ನೆಯ ವಾರಕ್ಕೆ ದಿನ ಇಟ್ಟುಕೊಂಡವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಹಾಗಾಗುತ್ತದೆ. ಆಗ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು. ಓಡಾಟ ತಾಯಿಗೆ ಕಷ್ಟ, ಕೂಸಿನ ಉಸಿರಿಗೆ ಮಾತ್ರ ಬಂದ ಬೇನೆ ಉಪಕಾರವನ್ನೇ ಮಾಡಿರುತ್ತದೆ. ಇನ್ನೊಂದು ಭಯ, ಒಳಗೇ ಕೂಸಿನ ಮಿಡಿತ ನಿಲ್ಲುವುದು. ಅದು ಅಪರೂಪ, ಆದರೆ ಇಲ್ಲವೆನ್ನಲಾಗದು. 39 ದಾಟಿ ಸುಮ್ಮನೆ ಎಳೆಯುತ್ತ ಹೋಗಬಾರದೆಂದು ಹೇಳುವುದು ಇದಕ್ಕೇ. ಕೊನೆಯ ವಾರಗಳಲ್ಲಿ ಕೂಸಿನ ಹೊರಳಾಟ ಕಡಿಮೆಯಾಯಿತು ಅನ್ನಿಸಿದರೆ ನಾಳೆ ನೋಡೋಣ ಎನ್ನದೆ ಅಂದೇ ತೋರಿಸಬೇಕು.

ಬುಡ ಕೆಳಗಿರುವ ಕೂಸಿನ ಮಟ್ಟಿಗೆ ಕಾಯುವುದರಲ್ಲಿ ಒಂದು ಲಾಭವೂ ಇದೆ. ಅದು ತಾನಾಗಿಯೇ ತಿರುಗೀತು. 36-37ನೆಯ ವಾರದಲ್ಲಿ ಹೊಟ್ಟೆಯ ಮೇಲಿನಿಂದ ಕೈಯಿಂದಲೇ ತಿರುಗಿಸಬಲ್ಲ ವೈದ್ಯರೂ ಇದ್ದಾರೆ. ಮನೆಯಲ್ಲಿ ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕುವುದು ಅದಲ್ಲ.

ಕಾಯಬಾರದವರು ಬೇರೆ. ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರು, ಮಾಸು ಕೆಳಗೆ ಕೂತು ಗರ್ಭದ ಬಾಯಿ ಮುಚ್ಚಿರುವವರು, ಹಿಂದಿನ ಸಿಸೇರಿಯನ್ನಿನಲ್ಲಿ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದವರು, ಅವಳಿ ಹೊತ್ತವರು, ಕೂಸಿನ ಬೆಳವಣಿಗೆ ನಿಂತವರು. ಇವರಿಗೆ 39ರ ಮಾತು ಅನ್ವಯಿಸುವುದಿಲ್ಲ. ವೈದ್ಯರು 36 ಅಥವಾ 37 ಎಂದರೆ ಅದಕ್ಕೆ ಕಾರಣವಿದೆ. ಈ ಲೇಖನ ತೋರಿಸಿ ಅವರೊಡನೆ ವಾದಿಸಬೇಡಿ. ಕಾರಣ ಏನೆಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ, ಅಷ್ಟೇ. ಅಳಿಯನ ರಜೆ, ಅಮಾವಾಸ್ಯೆ, ವೈದ್ಯರ ಪ್ರವಾಸ ಈ ಪಟ್ಟಿಯಲ್ಲಿಲ್ಲ.

ಮುಹೂರ್ತದ ಬಗ್ಗೆ ಒಂದು ಮಾತು. ಪಂಚಾಂಗದ ಜೊತೆ ನನಗೆ ಹಗೆಯಿಲ್ಲ. ಅಯ್ಯನವರಿಗೆ ಕೇಳುವ ರೀತಿ ಬದಲಿಸಿದರೆ ಸಾಕು: "ಒಳ್ಳೆಯ ದಿನ ಯಾವುದು?" ಎನ್ನುವ ಬದಲು, 39 ತುಂಬುವುದು ಮಾರ್ಚ್ 10ಕ್ಕೆ ಎಂದು ಖಾತ್ರಿಯಿದ್ದರೆ, "ಮಾರ್ಚ್ 10ರಿಂದ 17ರೊಳಗೆ ಒಳ್ಳೆಯ ದಿನ ಯಾವುದು?" ಎನ್ನಿ. ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಆದರೆ ನಸುಕಿನ ನಾಲ್ಕೂವರೆಯ ಗಳಿಗೆ ಬೇಡ. ಆ ಹೊತ್ತಿನಲ್ಲಿ ಮಕ್ಕಳ ವೈದ್ಯರು ಮನೆಯಲ್ಲಿ ಮಲಗಿರುತ್ತಾರೆ.

ಮುಂಚೆ ಇಂಜೆಕ್ಷನ್ ಕೊಡಿಸಿದರೆ?

"ಶ್ವಾಸಕೋಶ ಬಲಿಯುವ ಇಂಜೆಕ್ಷನ್ ಕೊಟ್ಟು 37ಕ್ಕೇ ಮಾಡಿ" ಎಂದು ಕೇಳುವವರನ್ನು ಬಹಳ ನೋಡಿದ್ದೇನೆ. ಅದು ಸ್ಟೆರಾಯ್ಡ್. ಬ್ರಿಟನ್ನಿನಲ್ಲಿ 998 ತಾಯಂದಿರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯೋಜಿತ ಸಿಸೇರಿಯನ್ನಿಗೆ ಮುಂಚೆ ಎರಡು ಡೋಸ್ ಕೊಟ್ಟಾಗ ಉಸಿರಿನ ತೊಂದರೆಗೆ ವಾರ್ಡ್ ಸೇರುವ ಕೂಸುಗಳು ಸುಮಾರು ಅರ್ಧಕ್ಕೆ ಇಳಿದವು. ಆದರೆ ಅದೇ ಲೆಕ್ಕದಲ್ಲಿ ಇಂಜೆಕ್ಷನ್ ಇಲ್ಲದೆ 39ಕ್ಕೆ ಹುಟ್ಟಿದ ಕೂಸುಗಳು, ಇಂಜೆಕ್ಷನ್ ಪಡೆದು 37ಕ್ಕೆ ಹುಟ್ಟಿದವಕ್ಕಿಂತ ಚೆನ್ನಾಗಿದ್ದವು: 100ಕ್ಕೆ 5ರ ಎದುರು 1.5. ಎರಡು ವಾರದ ಕೆಲಸವನ್ನು ಸೂಜಿ ಪೂರ್ತಿ ಮಾಡಲಾರದು. ಆ ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಮತ್ತೆ ವಿಚಾರಿಸಿದಾಗ, ಕಲಿಕೆಯಲ್ಲಿ ಹಿಂದಿದ್ದಾರೆಂದು ಶಾಲೆಗಳು ಹೇಳಿದವರು ಇಂಜೆಕ್ಷನ್ ಪಡೆದ ಗುಂಪಿನಲ್ಲೇ ಹೆಚ್ಚು. ಅದೊಂದೇ ಲೆಕ್ಕದಿಂದ ಹೆದರಬೇಕಾಗಿಲ್ಲ, ಕೈ ಚಾಚುವ ಮುನ್ನ ಯೋಚಿಸಲು ಸಾಕು. ಯೋಜಿತ ಸಿಸೇರಿಯನ್ನಿಗೆಂದು 34ರಿಂದ 36 ವಾರ 6 ದಿನದವರೆಗೆ ಇದನ್ನು ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುವುದಿಲ್ಲ. ಜೊತೆಗೆ, ಹುಟ್ಟಿದ ಮೇಲೆ ಕೂಸಿನ ರಕ್ತದ ಸಕ್ಕರೆ ಇಳಿಯುವ ಸಂಭವ ಹೆಚ್ಚುತ್ತದೆ.

ಈ ಇಂಜೆಕ್ಷನ್ನಿನ ಕಥೆಯಲ್ಲಿ ಬೆಳಗಾವಿಗೆ ದೊಡ್ಡ ಪಾಲಿದೆ. ಆರು ದೇಶಗಳ ಹಳ್ಳಿ ಸೀಮೆಗಳಲ್ಲಿ ಇದನ್ನು ಹೆಚ್ಚು ಗರ್ಭಿಣಿಯರಿಗೆ ತಲುಪಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೆಳಗಾವಿ ಸೀಮೆಯ ಹಳ್ಳಿಗಳೂ ಇದ್ದವು. ಫಲ ತಿರುಗಿತು. ಇಂಜೆಕ್ಷನ್ ಹಂಚಿದ ಕಡೆ ಒಂದು ತಿಂಗಳೊಳಗೆ ತೀರಿಕೊಂಡ ಕೂಸುಗಳು ಸಾವಿರಕ್ಕೆ 27.4, ಹಂಚದ ಕಡೆ 23.9. ಇಂಜೆಕ್ಷನ್ ಪಡೆದವರಲ್ಲಿ ಬಹಳ ಮಂದಿಗೆ ಅವಧಿಗೆ ಮುಂಚೆ ಹೆರಿಗೆಯೇ ಆಗಲಿಲ್ಲ. ಆಮೇಲೆ ಬೆಳಗಾವಿಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನಿನಿಂದ ದಿನ ಖಾತ್ರಿಪಡಿಸಿಕೊಂಡು, 26ರಿಂದ 33 ವಾರದವರಿಗೆ ಮಾತ್ರ ಕೊಟ್ಟು ನೋಡಿದರು. 2020ರ ಫಲಿತಾಂಶ: ಸಾವು 100ಕ್ಕೆ 23.5 ಇದ್ದದ್ದು 19.6ಕ್ಕೆ ಇಳಿಯಿತು. ಅದೇ ಜಾತಿಯ ಔಷಧ, ಸಿರಿಂಜಿನಲ್ಲಿ ಏನೂ ಬದಲಾಗಿರಲಿಲ್ಲ. ಯಾರಿಗೆ ಎಷ್ಟು ವಾರ ಎಂಬುದು ಈ ಸಲ ಗೊತ್ತಿತ್ತು, ಕೂಸನ್ನು ನೋಡಿಕೊಳ್ಳುವ ವಾರ್ಡ್ ಪಕ್ಕದಲ್ಲೇ ಇತ್ತು.

ಎಲ್ಲಿ ಮಾಡಿಸುವುದು

ಊರಿನ ನರ್ಸಿಂಗ್ ಹೋಮ್, ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು. ಜನ ಹೋಲಿಸುವುದು ಬಿಲ್ಲನ್ನು, ಕೋಣೆಯನ್ನು, ಹೊಲಿಗೆ ಹಾಕುವ ಡಾಕ್ಟರರ ಕೈಗುಣವನ್ನು. ತಾಯಿಗೆ ಅದು ಸರಿ. ಕೂಸಿಗಾಗಿ ಕೇಳಬೇಕಾದದ್ದು: ಹೊರಬಂದ ಕೂಸನ್ನು ಮೊದಲು ಕೈಗೆ ತೆಗೆದುಕೊಳ್ಳುವವರು ಯಾರು? ಮಕ್ಕಳ ವೈದ್ಯರು ಥಿಯೇಟರಿನಲ್ಲಿ ಇರುತ್ತಾರೋ, ಫೋನ್ ಮಾಡಿದರೆ ಬರುತ್ತಾರೋ? ಸಿ-ಪ್ಯಾಪ್ ಇದೇ ಕಟ್ಟಡದಲ್ಲಿದೆಯೇ? ಇಲ್ಲದಿದ್ದರೆ ಕೂಸನ್ನು ಎಲ್ಲಿಗೆ, ಯಾವ ಗಾಡಿಯಲ್ಲಿ, ಯಾರ ಕೈಯಲ್ಲಿ ಕಳುಹಿಸುತ್ತೀರಿ?

ಸರ್ಕಾರಿ ವ್ಯವಸ್ಥೆಯಲ್ಲಿ ಮೂರು ಮೆಟ್ಟಿಲುಗಳಿವೆ. ಹೆರಿಗೆ ಆಗುವ ಪ್ರತಿ ಕಡೆ ಬೆಚ್ಚಗಿನ ಮೂಲೆ ಮತ್ತು ಉಸಿರು ಕೊಡುವ ಚೀಲ. ಸಿಸೇರಿಯನ್ ಮಾಡುವ ತಾಲೂಕು ಆಸ್ಪತ್ರೆಗಳಲ್ಲಿ ಸ್ಥಿರೀಕರಣ ಘಟಕ. ಜಿಲ್ಲಾ ಆಸ್ಪತ್ರೆಯಲ್ಲಿ ಎಸ್‌ಎನ್‌ಸಿಯು, ಅಂದರೆ ಕಾಯಿಲೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ. ಮಧ್ಯದ ಮೆಟ್ಟಿಲು ಹೆಸರಿನಂತೆಯೇ ಕೂಸನ್ನು ಸ್ಥಿರಗೊಳಿಸುವುದಕ್ಕೆ, ವಾರಗಟ್ಟಲೆ ಇಟ್ಟುಕೊಳ್ಳುವುದಕ್ಕಲ್ಲ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ನೂ ಕಾಯಿಲೆ ಬಿದ್ದ ಕೂಸಿನ ಚಿಕಿತ್ಸೆಯೂ ಸಾಗಾಟವೂ ಉಚಿತ. ಖಾಸಗಿಯಲ್ಲಿ ಎನ್‌ಐಸಿಯು ದಿನಕ್ಕೆ ಎಷ್ಟು ಎಂದು ಮುಂಚೆಯೇ ಕೇಳಿಡಿ. ಸಿಸೇರಿಯನ್ ಪ್ಯಾಕೇಜಿನಲ್ಲಿ ಅದು ಇರುತ್ತದೆ ಎಂದುಕೊಂಡು ಕೈ ಸುಟ್ಟುಕೊಂಡವರು ಬಹಳ.

ನನ್ನ ಅಭಿಪ್ರಾಯ ಹೀಗಿದೆ. 39 ತುಂಬಿ, ತಾಯಿ ಆರೋಗ್ಯವಾಗಿದ್ದು, ಮಕ್ಕಳ ವೈದ್ಯರು ಥಿಯೇಟರಿನಲ್ಲಿ ನಿಲ್ಲುವುದಾದರೆ ಜಮಖಂಡಿ, ಗೋಕಾಕ, ಸಿಂದಗಿಯಲ್ಲೇ ಮಾಡಿಸಿ. ಮನೆಯವರು ಹತ್ತಿರ ಇರುವುದೂ ಬಾಣಂತಿಗೆ ಒಂದು ಔಷಧ. 39ಕ್ಕೆ ಮುಂಚೆ ತೆಗೆಯಲೇಬೇಕಾದ ಕಾರಣವಿದ್ದರೆ ಹೊಟ್ಟೆಯಲ್ಲಿ ಕೂಸಿರುವಾಗಲೇ ವಿಜಯಪುರ, ಬಾಗಲಕೋಟೆ, ಬೆಳಗಾವಿಗೆ ಹೋಗಿ ಸೇರಿಕೊಳ್ಳಿ. ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಅಥಣಿಯವರು ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಮೀರಜ್ ಹತ್ತಿರವೆಂದು ಅತ್ತ ಹೋಗುತ್ತಾರೆ. ತಪ್ಪಿಲ್ಲ, ತಾಯಿ ಕಾರ್ಡು ಮತ್ತು ಮೊದಲ ಸ್ಕ್ಯಾನ್ ಮರೆಯದಿದ್ದರೆ ಸಾಕು. ಸವದತ್ತಿ ಕಡೆಯವರು ಭರತ ಹುಣ್ಣಿಮೆಯ ಎಲ್ಲಮ್ಮನ ಜಾತ್ರೆಯ ದಿನಗಳಲ್ಲಿ ರಸ್ತೆ ಹೇಗಿರುತ್ತದೆಂದು ನನ್ನಿಂದ ಕೇಳಬೇಕಾಗಿಲ್ಲ.

ಹುಟ್ಟಿದ ಮೇಲೆ

ಕೂಸು ಪಕ್ಕಕ್ಕೆ ಬಂದ ಮೇಲೆ ಅದರ ಬಟ್ಟೆ ಸರಿಸಿ ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. 60 ದಾಟಿದರೆ, ಮುಲುಕಿದರೆ, ಮೂಗಿನ ಹೊಳ್ಳೆ ಅರಳಿದರೆ, ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ ನರ್ಸನ್ನು ಕರೆಯಿರಿ. "ಚಳಿಗೆ ಹಾಗೆ ಮಾಡುತ್ತದೆ" ಎಂದು ಇನ್ನೊಂದು ದುಪ್ಪಟಿ ಹೊದಿಸಿ ಎದೆಯನ್ನೇ ಮುಚ್ಚಬೇಡಿ. ನಮ್ಮ ಮನೆಯಲ್ಲಿ ಆ ಒಂದು ತಾಸು ಕಳೆದದ್ದು ಹಾಗೆಯೇ. ಏದುತ್ತಿರುವ ಕೂಸಿನ ಬಾಯಿಗೆ ಏನನ್ನೂ ಹಾಕಬಾರದು. ನಮ್ಮ ಕಡೆ ಹರಳೆಣ್ಣೆ ನೆಕ್ಕಿಸುವ ರೂಢಿಯಿದೆ. ಅದು ಯಾವ ಕೂಸಿಗೂ ಬೇಡ. ಉಸಿರು ಹಿಡಿದ ಕೂಸಿನಲ್ಲಂತೂ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತಾಯಿ ಮಾತ್ರ ಸುಮ್ಮನಿರಬಾರದು. ಕೂಸು ವಾರ್ಡಿನಲ್ಲಿದ್ದರೂ ಎರಡು-ಮೂರು ತಾಸಿಗೊಮ್ಮೆ ಕೈಯಿಂದ ಹಾಲು ಹಿಂಡಿ ಕಳುಹಿಸಲಿ, ಮೊದಲ ದಿನದ ನಾಲ್ಕು ಹನಿಯಾದರೂ ಸರಿ.

ನಮ್ಮ ಹುಡುಗಿ ಇಂಡಿಯಲ್ಲಿ ಹೊಲಿಗೆ ಹಿಡಿದುಕೊಂಡು ಹಿಂಡಿದ ಹಾಲು ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗುತ್ತಿತ್ತು. ಒಯ್ಯುತ್ತಿದ್ದವನು ಅಳಿಯ. ಕೊನೆಯ ದಿನವೂ ಬಾಟಲಿ ಕೊಟ್ಟು, ಗಾಜಿನಾಚೆಯಿಂದ ನೋಡಿ, ಅಲ್ಲಿಂದಲೇ ರೈಲು ಹತ್ತಿದ. ಕೂಸನ್ನು ಅವನು ಮೊದಲು ಎತ್ತಿಕೊಂಡದ್ದು ಜೂನ್‌ನಲ್ಲಿ, ಮುಂದಿನ ರಜೆಗೆ ಬಂದಾಗ. ಅಷ್ಟರಲ್ಲಿ ಅದಕ್ಕೆ ಕತ್ತು ನಿಂತಿತ್ತು.